ದೋಟಿಯ ಕೈಗೆ ಸುತ್ತಿಗೆ

೧

ಇದನ್ನು ಎಲ್ಲಿಂದ ಹಿಡಿಯಲಿ? ಆಟದೊಳಗೆ ಆಯುಧ ಕೌಶಲ ಹೇಗೆ ನಡೆಯುತ್ತದೆ ಎಂಬುದರಿಂದ ಶುರು ಮಾಡಿದರೆ ನೀವು ಎರಡನೇ ಪ್ಯಾರಾಕ್ಕೆ ಎದ್ದು ಹೋಗುತ್ತೀರಿ. ಅದನ್ನು ಬಿಟ್ಟು ಶುರು ಮಾಡಿದರೆ, ಒಂದೇ ಕೋಣೆಯಲ್ಲಿರುವ ಇಬ್ಬರು ಬೆಳೆದ ಗಂಡಸರು ಯಾಕೆ ಮಾತು ಬಿಟ್ಟಿದ್ದಾರೆಂದು ನಿಮಗೆ ತಿಳಿಯುವುದಿಲ್ಲ. ನನ್ನ ಮೊದಲ ಕರಡು ಮೊದಲನೇ ತಪ್ಪು ಮಾಡಿತು. ಎರಡನೆಯದು ಎರಡನೇ ತಪ್ಪು. ಮೂರನೆಯದು ಸೈದಾಪುರದ ಸೂರ್ಯೋದಯದಿಂದ ತೆರೆದುಕೊಳ್ಳುತ್ತಿತ್ತು. (ಅದನ್ನು ನಾನೇ ಹರಿದೆ. ಸೈದಾಪುರದಲ್ಲಿ ಸೂರ್ಯೋದಯವಾಗುತ್ತದೆ ಎಂದು ಬೇರೆಯವರು ಹೇಳಿದ್ದಷ್ಟೇ ನನಗೆ ಗೊತ್ತು.)

ಬೇಸತ್ತು ಹೋಗಿ, ಕತೆ ಬರೆಯುವವರು ಮಾಡಬಾರದ ಕೆಲಸ ಮಾಡುತ್ತಿದ್ದೇನೆ. ಕೊನೆಯತನಕ ಮುಚ್ಚಿಡಬೇಕಾದದ್ದನ್ನು ಈಗಲೇ ಹೇಳುತ್ತೇನೆ.

ದೋಟಿ ಎಂಬವಳು ಕಂಪ್ಯೂಟರ್ ಆಟವೊಂದರ ಒಳಗಿನ ಸಿಪಾಯಿ. ಅವಳು ಸತ್ತಳು. ಅವಳಿಗೆ ಆ ಹೆಸರಿಟ್ಟವನು ಸೊಹೇಲ್. ಅವಳ ಕೈಯ ಈಟಿ ತೆಗೆಸಿ ಸುತ್ತಿಗೆ ಕೊಟ್ಟವನು ಪ್ರವೀಣಕುಮಾರ. ಸೊಹೇಲನ ಪಾಲಿಗೆ ದೋಟಿ ಅಂದರೆ ತೀರಿಹೋದ ಅವನ ತಾಯಿ. ಇದು ಪ್ರವೀಣನಿಗೆ ಗೊತ್ತಿಲ್ಲ. ನನಗೆ ಗೊತ್ತು, ಯಾರಿಗೂ ಹೇಳುವುದಿಲ್ಲ ಎಂದು ಸೊಹೇಲನಿಗೆ ಮಾತು ಕೊಟ್ಟಿದ್ದೇನೆ.

ಈಗ ನಿಮಗೂ ಗೊತ್ತಾಯಿತು. ನನ್ನ ಸಂಕಟದಲ್ಲಿ ನೀವೂ ಸ್ವಲ್ಪ ಪಾಲು ತಗೊಳ್ಳಿ.

೨

ನಾನು ಬಸಲಿಂಗ, ಬಳಿಚಕ್ರದವನು. ಪ್ರವೀಣಕುಮಾರ ರಾಮಸಮುದ್ರದವನು. ಸೊಹೇಲ್ ಸುರಪುರದವನು. ಮೂವರಿಗೂ ಕಡೇಚೂರಿನ ಒಂದು ಪ್ಲಾಸ್ಟಿಕ್ ಪೈಪ್ ಕಾರ್ಖಾನೆಯಲ್ಲಿ ಕೆಲಸ, ಸೈದಾಪುರ ಸ್ಟೇಷನ್ನಿನ ಹಿಂದೆ ಒಂದು ಬಾಡಿಗೆ ಕೋಣೆ. ಸೊಹೇಲ್ ಪೈಪ್ ಕೊಯ್ಯುವ ಗರಗಸದ ಮಷಿನ್ನಿನವನು. ಪ್ರವೀಣ, ಕೊಯ್ದ ಪೈಪಿನ ಬಾಯನ್ನು ಕಾಯಿಸಿ ಅಗಲ ಮಾಡುವ ಪ್ರೆಸ್ಸಿನವನು. ನಾನು ಸ್ಟೋರಿನ ಕಿಟಕಿಯ ಹಿಂದೆ ಕೂತು ಕೈಗವಸು, ಕನ್ನಡಕ, ಸುಟ್ಟಗಾಯದ ಮುಲಾಮು ಕೊಡುವವನು. ಬಿಡುವು ಸಿಕ್ಕಾಗ ಕತೆ ಬರೆಯುತ್ತೇನೆ. (ಇವರಿಬ್ಬರಿಂದ ಬಿಡುವು ಸಿಕ್ಕಾಗ ಎಂದು ಓದಿಕೊಳ್ಳಿ.)

ಆಟ ಇರುವುದು ಸೊಹೇಲನ ಹಳೇ ಲ್ಯಾಪ್‌ಟಾಪಿನಲ್ಲಿ. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿದೆ. ನಾವು ಅದನ್ನು ‘ಕ್ವಾಟಿ’ ಅನ್ನುತ್ತೇವೆ, ಅಂದರೆ ಕೋಟೆ. ಒಂದು ಗುಡ್ಡದ ಹೊಟ್ಟೆಯೊಳಗೆ ಪುಟ್ಟ ಪುಟ್ಟ ಜನ ಕೋಟೆ ಕಟ್ಟಿಕೊಂಡಿರುತ್ತಾರೆ. ಕಲ್ಲು ಕೊರೆಯುತ್ತಾರೆ, ಬಿತ್ತುತ್ತಾರೆ, ಮಂಚ ಮಾಡುತ್ತಾರೆ, ಮದುವೆಯಾಗುತ್ತಾರೆ, ಮುನಿಸಿಕೊಳ್ಳುತ್ತಾರೆ. ಆಗಾಗ ಹೊರಗಿನಿಂದ ದಂಡು ಬರುತ್ತದೆ. ಆಡುವವನು ಆ ಜನರಿಗೆ ಹುಕುಂ ಕೊಡಬಹುದು: ನೀನು ಈ ಆಯುಧ ತಗೋ, ಅಲ್ಲಿ ತಾಲೀಮು ಮಾಡು, ಇಲ್ಲಿ ನಿಂತುಕೋ. ಆಮೇಲೆ ಅವನ ಕೈಯಲ್ಲಿ ಏನೂ ಇಲ್ಲ. ಕಾದಾಟ ಶುರುವಾದರೆ ಕೂತು ನೋಡಬೇಕು ಅಷ್ಟೇ.

ಇದರಲ್ಲಿ ಏನು ಸುಖ ಎಂದು ನಾನು ಮೊದಲ ದಿನವೇ ಕೇಳಿದ್ದೆ. ಇಬ್ಬರೂ ಒಟ್ಟಿಗೆ ನನ್ನನ್ನು ಕನಿಕರದಿಂದ ನೋಡಿದ್ದರು. ಆಗ ಒಟ್ಟಿಗೆ ನೋಡುವಷ್ಟು ಚೆನ್ನಾಗಿದ್ದರು.

೩

ಈಗ ಆಯುಧ ಕೌಶಲ. ಬೇಗ ಮುಗಿಸುತ್ತೇನೆ. (ಇದನ್ನು ಹನ್ನೆರಡು ಪುಟ ಬರೆದಿದ್ದ ಕರಡು ಈಗ ನಮ್ಮ ಸ್ಟೋವಿನ ಕೆಳಗೆ ಎಣ್ಣೆ ಹೀರಿಕೊಳ್ಳುತ್ತಿದೆ.)

ಕ್ವಾಟಿಯಲ್ಲಿ ‘ಗಟ್ಟಿಗ’ ಎಂಬ ಒಂದೇ ಗುಣ ಇಲ್ಲ. ಕೊಡಲಿಯದು ಬೇರೆ ಕೌಶಲ, ಕತ್ತಿಯದು ಬೇರೆ, ಈಟಿಯದು ಬೇರೆ, ಸುತ್ತಿಗೆಯದು ಬೇರೆ. ಆಯುಧ ಸುಮ್ಮನೆ ಹಿಡಿದುಕೊಂಡಿದ್ದರೆ ಕೌಶಲ ಬರುವುದಿಲ್ಲ. ಬಳಸಿದರೆ ಬರುತ್ತದೆ. ಗುರು ಮಾಡಿ ತೋರಿಸಿದ್ದನ್ನು ನೋಡಿದರೆ ಇಷ್ಟೇ ಇಷ್ಟು ಬರುತ್ತದೆ, ಜೊತೆಗಾರನ ಎದುರು ನಿಂತು ತಾಲೀಮು ಮಾಡಿದರೆ ಹೆಚ್ಚು, ನಿಜವಾದ ವೈರಿಯ ಎದುರು ನಿಂತು ಬದುಕಿ ಬಂದರೆ ಎಲ್ಲಕ್ಕಿಂತ ಹೆಚ್ಚು. ಬಹಳ ಕಾಲ ಬಳಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಕಾಡಿನಲ್ಲಿ ಮರ ಕಡಿಯುವವನು ಯಾರೂ ಕಲಿಸದೆ ಕೊಡಲಿಯ ಸಿಪಾಯಿ ಆಗಿಬಿಡುತ್ತಾನೆ.

ಮುಖ್ಯ ಸಂಗತಿ ಇದು: ಈಟಿಯಲ್ಲಿ ಪಳಗಿದವಳ ಕೈಗೆ ಸುತ್ತಿಗೆ ಕೊಟ್ಟರೆ ಅವಳು ಪಳಗಿದವಳಲ್ಲ. ಈಟಿಯ ಕೌಶಲ ಎಲ್ಲಿಗೂ ಹೋಗಿರುವುದಿಲ್ಲ, ಆದರೆ ಸುತ್ತಿಗೆ ಬೀಸುವಾಗ ಅದು ಅವಳ ನೆರವಿಗೆ ಬರುವುದಿಲ್ಲ.

ದೋಟಿ ಕೋಟೆಗೆ ವಲಸೆ ಬಂದಾಗ ಏನೂ ಬಾರದ ಒಬ್ಬ ಹೆಂಗಸು. ಸೊಹೇಲ್ ಅವಳ ಒಂದು ಕೈಗೆ ಈಟಿ, ಇನ್ನೊಂದಕ್ಕೆ ಗುರಾಣಿ (ನಮ್ಮ ಮಾತಿನಲ್ಲಿ ಢಾಲು) ಕೊಟ್ಟ. ತಿಂಗಳುಗಟ್ಟಲೆ, ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆಯುವ ಮೊದಲು ಲ್ಯಾಪ್‌ಟಾಪ್ ತೆರೆದು ಅವಳ ತಾಲೀಮು ನೋಡುತ್ತಿದ್ದ. ಕೊನೆಗೆ ಅವಳು ಕೋಟೆಯ ಬಾಗಿಲಲ್ಲಿ ಒಬ್ಬಳೇ ನಿಂತರೆ ಒಳಗಿನವರು ಹೊಲದ ಕೆಲಸ ಬಿಡದೆ ಮಾಡಿಕೊಂಡಿರುತ್ತಿದ್ದರು.

೪

ತಾಯಿ ತೀರಿ ವರ್ಷ ತುಂಬಿದ ಫಾತಿಹಾಕ್ಕೆ ಸೊಹೇಲ್ ಸುರಪುರಕ್ಕೆ ಹೋದ. ಹೋಗುವಾಗ ಪ್ರವೀಣನಿಗೆ ಹೇಳಿದ, “ಕ್ವಾಟಿ ನೋಡ್ಕೊ. ಊಟಕ್ಕ ಕಮ್ಮಿ ಬೀಳಬಾರದು ಯಾರಿಗಿ.”

ಪ್ರವೀಣ ಬಹಳ ಜವಾಬ್ದಾರಿಯಿಂದ ನೋಡಿಕೊಂಡ. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ಭಾನುವಾರ ಮಧ್ಯಾಹ್ನ ದಂಡು ಬಂತು. ಈ ಸಲ ಬಂದವರು ಮೈತುಂಬ ಕಬ್ಬಿಣದ ತಗಡು ತೊಟ್ಟವರು.

“ಬಸು, ಭರ್ಚಿ ತಗಡಿನ ಮ್ಯಾಲ ಜಾರತದ,” ಅಂದ ಪ್ರವೀಣ, ದೋಟಿಯ ಈಟಿ ತೋರಿಸಿ. “ಸುತ್ತಿಗಿ ಆದ್ರ ತಗಡಿನ ಮ್ಯಾಲಿಂದೇ ಎಲುಬು ಮುರಿತದ. ನಮ್ಮ ಹಂತ್ಯಾಕ ಒಂದು ಭಾರಿ ಸುತ್ತಿಗಿ ಅದ. ದೋಟಿಗಿ ಕೊಡತೀನಿ. ಎಲ್ಲಾರಕಿಂತ ಛಲೋದಾಕಿ ಆಕಿನೇ ಅಲಾ.”

ತರ್ಕದಲ್ಲಿ ಏನು ತಪ್ಪಿದೆ ಹೇಳಿ. ಎಲ್ಲರಿಗಿಂತ ಒಳ್ಳೆಯ ಸಿಪಾಯಿಗೆ ಎಲ್ಲಕ್ಕಿಂತ ಒಳ್ಳೆಯ ಆಯುಧ. ನಾನೂ ಹೂಂ ಅಂದೆ.

ಕಾದಾಟ ಪರದೆಯ ಮೇಲೆ ಸಾಲು ಸಾಲಾಗಿ ಬರುತ್ತದೆ. ದೋಟಿ ಸುತ್ತಿಗೆ ಬೀಸಿದಳು, ತಪ್ಪಿತು. ದೋಟಿ ಸುತ್ತಿಗೆ ಬೀಸಿದಳು, ವೈರಿ ಪಕ್ಕಕ್ಕೆ ಸರಿದ. ಪ್ರವೀಣ ಲ್ಯಾಪ್‌ಟಾಪಿಗೆ ಮುಖ ಹತ್ತಿರ ತಂದು “ಹಿಂದ ಸರಿ, ಹಿಂದ ಸರಿ” ಅನ್ನುತ್ತಿದ್ದ, ಅವಳಿಗೆ ಕೇಳಿಸುತ್ತದೆ ಎಂಬಂತೆ. ದಂಡು ಅಷ್ಟರಲ್ಲೇ ಸುಸ್ತಾಗಿ ವಾಪಸು ಹೋಯಿತು. ಕೋಟೆ ಉಳಿಯಿತು. ದೋಟಿ ಬಾಗಿಲಲ್ಲಿ ಬಿದ್ದಿದ್ದಳು.

(ಹಳೇ ಸೇವ್‌ನಿಂದ ಮತ್ತೆ ಶುರು ಮಾಡಬಹುದಿತ್ತಲ್ಲ ಎಂದು ಆಟ ಬಲ್ಲವರು ಕೇಳುತ್ತೀರಿ. ಕ್ವಾಟಿಯಲ್ಲಿ ಒಂದೇ ಸೇವ್. ಆಟ ಮುಚ್ಚಿದಾಗ ಹಳೆಯದರ ಮೇಲೆ ಹೊಸದು ಕೂರುತ್ತದೆ. ಸತ್ತವರು ಸತ್ತವರೇ.)

ಸೊಹೇಲ್ ಬಂದವನು ಚೀಲ ಇಳಿಸಿ, ಲ್ಯಾಪ್‌ಟಾಪ್ ತೆರೆದ. ಕಾದಾಟದ ಸಾಲುಗಳನ್ನು ಒಂದೊಂದಾಗಿ ಓದಿದ.

“ಆಕಿ ಕೈಯಾಗ ಸುತ್ತಿಗಿ ಯಾರು ಕೊಟ್ಟವ್ರು?”

“ನಾನೇ,” ಅಂದ ಪ್ರವೀಣ. “ತಗಡಿನವರು ಬಂದಿದ್ರು ಮಾರಾಯ. ಹೋಗಲಿ, ಇನ್ನೊಬ್ಬಾಕಿಗಿ ತಯಾರ್ ಮಾಡೋಣಂತ.”

ಸೊಹೇಲ್ ಲ್ಯಾಪ್‌ಟಾಪ್ ಮುಚ್ಚಿದ. ಅವತ್ತಿನಿಂದ ಪ್ರವೀಣನ ಜೊತೆ ಮಾತಿಲ್ಲ.

೫

ಮಾತಿಲ್ಲ ಅಂದರೆ ನನ್ನ ಮೂಲಕ ಎಂದು ಅರ್ಥ.

“ಬಸು, ಅಂವಗ ಹೇಳು, ಅನ್ನ ಆಗ್ಯಾದ ಅಂತ.”

ಅಂವ ಎಂಬವನು ಅದೇ ಚಾಪೆಯ ಮೇಲೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿರುತ್ತಾನೆ. “ಬಸು, ಅಂವಗ ಹೇಳು, ಕೇಳಿಸ್ಯಾದ ಅಂತ.”

ನಾನು ಮೊದಮೊದಲು ಹೇಳುತ್ತಿದ್ದೆ. ಆಮೇಲೆ ಸುಮ್ಮನೆ ಉಣ್ಣತೊಡಗಿದೆ. ನಾನು ಹೇಳದಿದ್ದರೆ ಇಬ್ಬರಿಗೂ ನನ್ನ ಮೇಲೆ ಸಿಟ್ಟು. ಇವರನ್ನು ಒಂದು ಮಾಡಲಿಕ್ಕೆಂದೇ ನಾನು ಈ ಕತೆ ಶುರು ಮಾಡಿದ್ದು. ಓದುತ್ತಾರೆ, ನಾಚುತ್ತಾರೆ, ಮಾತಾಡುತ್ತಾರೆ ಎಂಬ ಲೆಕ್ಕ. ಕತೆಯಿಂದ ಯಾರಾದರೂ ನಾಚಿದ್ದನ್ನು ನೀವು ಕಂಡಿದ್ದರೆ ನನಗೆ ತಿಳಿಸಿ.

೬

ಅಷ್ಟರಲ್ಲಿ ಸೊಹೇಲ್, ಬೇರೆ ಕೋಣೆ ಸಿಕ್ಕ ಕೂಡಲೇ ಈ ಕೋಣೆ ಬಿಡುವ ಮಾತು ತೆಗೆದ. ಒಂದಿಷ್ಟು ಸಾಮಾನು ಸುರಪುರಕ್ಕೆ ಸಾಗಿಸಬೇಕು, ಜೊತೆಗೆ ಬಾ ಎಂದು ನನ್ನನ್ನು ಕರೆದ. ಬಸ್ಸು ಶಹಾಪುರದಲ್ಲಿ ನಿಂತಿತು. ಡ್ರೈವರ್ ಚಹಾಕ್ಕೆ ಇಳಿದು ಹೋದ. ಬಿಸಿಲಿಗೆ ಸೀಟು ಕಾದಿತ್ತು. ಬೇಸರಕ್ಕೆ ನಾನೇ ಕೇಳಿದೆ, ಒಂದು ಗೊಂಬೆ ಸತ್ತದ್ದಕ್ಕೆ ಮನೆ ಬಿಡುತ್ತಾರಾ ಯಾರಾದರೂ ಎಂದು.

ಅವನು ಕಿಟಕಿಯ ಹೊರಗೆ ನೋಡುತ್ತ ಹೇಳಿದ, “ಅಮ್ಮಿ ಹುಣಸಿ ಗಿಡ ಗುತ್ತಿಗಿ ಹಿಡಿತಿದ್ದಳು. ಈ ರಸ್ತಾ ಬಾಜೂದು, ಹೊಲದ ಬದುವಿನವು. ಹಂಗಾಮ ಬಂತಂದ್ರ ಸುರಪುರದಿಂದ ದೋಟಿ ಹೊತಗೊಂಡು ಬರತಿದ್ದಳು.”

ದೋಟಿ ಅಂದರೆ ತುದಿಗೆ ಕಬ್ಬಿಣದ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರು. ಕಾಯಿ ಕೆಡವಲಿಕ್ಕೆ. ಎಲ್ಲರ ಮನೆಯಲ್ಲೂ ಇರುತ್ತದೆ.

“ಬ್ಯಾರೇದವರು ಹೊಡದ್ರ ಟೊಂಗಿ ಸಮೇತ ಬೀಳತದ. ಅಮ್ಮಿ ಎಲಿ ಉದುರಲಾರದಂಗ ಕಾಯಿ ಇಳಸತಿದ್ದಳು. ಚಾಂದಬೀ ಮುಟ್ಟಿದ ಗಿಡ ಮುಂದಿನ ವರ್ಷಾನೂ ಕಾಯಿ ಬಿಡತದ ಅಂತ ಗಿಡದ ಮಾಲಕರು ತಾವೇ ಅಮ್ಮಿಗಿ ಕರೆಸತಿದ್ರು. ಆಕಿ ಹೋದ ಮ್ಯಾಲ ನಾ ಒಂದಿನ ಆ ದೋಟಿ ಎತ್ತಿ ನೋಡಿದೆ ಬಸು. ನೆಟ್ಟಗ ನಿಲ್ಲಸಲಿಕ್ಕೂ ಬರಲಿಲ್ಲ ನಂಗ. ಅಕ್ಕಗೂ ಬರಂಗಿಲ್ಲ. ಆಕಿ ಕೈಚಳಕ, ಆಕಿ ಹುನ್ನರ, ಆಕಿ ಸಂಗಾಟೇ ಹೋತು. ಕ್ವಾಟ್ಯಾಗರೆ ಇರಲಿ ಅಂತ ಇಟ್ಟಿದ್ದೆ.”

ಪ್ರವೀಣನಿಗೆ ಇದನ್ನು ಹೇಳಿಬಿಡು, ಅವನಿಗೆ ಗೊತ್ತಿಲ್ಲದ್ದಕ್ಕೆ ಹೀಗಾಯಿತು ಅಂದೆ.

“ಹೇಳಂಗಿಲ್ಲ. ನೀನೂ ಹೇಳಬ್ಯಾಡ. ಹೇಳಿದ್ರ ಅಂವ ಅಳತಾನ. ಅಂವ ಅತ್ರ ನಾ ಅಂವಗ ಸಮಾಧಾನ ಮಾಡಬೇಕಾಗತದ. ನಂಗ ಆ ತ್ರಾಸು ಬ್ಯಾಡ. ಅಮ್ಮಿ ಸತ್ತಾಗ ಸಿಟ್ಟು ಮಾಡಲಿಕ್ಕ ಯಾರೂ ಸಿಕ್ಕಿರಲಿಲ್ಲ. ಈಗ ಅಂವರೆ ಇದ್ದಾನ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಡ್ರೈವರ್ ಬಂದ. ಬಸ್ಸು ಹೊರಟಿತು. ಸುರಪುರ ಬರುವವರೆಗೆ ಅವನು ಚೀಲದ ಮೇಲೆ ತಲೆಯಿಟ್ಟು ಮಲಗಿದ್ದ, ಅಥವಾ ಮಲಗಿದಂತೆ ಮಾಡಿದ.

೭

ನನ್ನ ಪಾಡು ನೋಡಿ. ಪ್ರವೀಣನಿಗೆ ತೋರಿಸಬೇಕಾದ ಕರಡಿನಲ್ಲಿ ಶಹಾಪುರದ ಬಸ್ಸು ಇರುವಂತಿಲ್ಲ. ಅದನ್ನು ತೆಗೆದು ಓದಲು ಕೊಟ್ಟೆ. ಓದಿ ಅವನು ಹೇಳಿದ್ದು:

“ಬಸು, ಸೊಹೇಲ್ ಇದ್ರಾಗ ಖರೇನೇ ತಲಿ ಕೆಟ್ಟವನಂಗ ಕಾಣತಾನ. ಆಟದಾಗಿನ ಸಿಪಾಯಿ ಸಲುವಾಗಿ ಯಾರರೆ ಇಷ್ಟು ಮಾಡತಾರೇನು? ಏನರ ಒಂದು ಕಾರಣ ಹಾಕು. ಇಲ್ಲಂದ್ರ ಕತಿ ನಿಲ್ಲಂಗಿಲ್ಲ.”

ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಅಂತ್ಯಗಳನ್ನೂ ಬರೆದು ನೋಡಿದೆ.

ಅಂತ್ಯ ಒಂದು: ಕೋಟೆಗೆ ಹೊಸದಾಗಿ ಒಬ್ಬಳು ಈಟಿ ಹಿಡಿದು ಬರುತ್ತಾಳೆ. ಅವಳ ತಾಲೀಮಿಗೆ ಇಬ್ಬರೂ ಸೇರುತ್ತಾರೆ. ಸೊಹೇಲ್ ಓದಿ, “ಇದು ನಂದಲ್ಲ, ಬ್ಯಾರೆ ಯಾರರ ಸೊಹೇಲಂದು,” ಅಂದ.

ಅಂತ್ಯ ಎರಡು: ಪ್ರೆಸ್ಸಿನಲ್ಲಿ ಸೊಹೇಲನ ಕೈ ಸಿಗುತ್ತದೆ, ಪ್ರವೀಣ ಜೀವದ ಹಂಗು ತೊರೆದು ಎಳೆಯುತ್ತಾನೆ. “ನನ್ನ ಕೈ ಯಾಕ ಸುಡತಿ ನೀ?” ಎಂದು ಸೊಹೇಲ್. “ಆ ಮಷಿನ್ಗಿ ಗಾರ್ಡ್ ಅದ, ಕೈ ಸಿಗಂಗಿಲ್ಲ, ಬರಿಯೋಕಿಂತ ಮೊದಲ ಬಂದು ನೋಡಬೇಕಿತ್ತು,” ಎಂದು ಪ್ರವೀಣ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯಾಗಿ, ಒಂದೇ ಧಾಟಿಯಲ್ಲಿ ಬೈದರು.

ಅಂತ್ಯ ಮೂರು: ಬಸಲಿಂಗ ಎಂಬ ಲೇಖಕ ಕೋಣೆ ಬಿಟ್ಟು ಬಳಿಚಕ್ರಕ್ಕೆ ಹೋಗಿ ಸುಖವಾಗಿರುತ್ತಾನೆ. (ಇದು ನನಗೆ ಇಷ್ಟವಾಗಿತ್ತು.)

೮

ಆಮೇಲೆ ನಡೆದದ್ದು ನಾನು ಬರೆದದ್ದಲ್ಲ. ನಾನು ಬರೆದಿದ್ದರೆ ಇಷ್ಟು ಸರಿಯಾಗಿ ಹೊಂದಿಸಲು ಸಂಕೋಚಪಡುತ್ತಿದ್ದೆ.

ಪ್ರೆಸ್ಸಿನ ಕೆಲಸಗಾರನೊಬ್ಬ ಬಿಟ್ಟು ಹೋದ. ಸೂಪರ್‌ವೈಸರ್ ಚಂದ್ರಾಮಪ್ಪನವರು ಸೊಹೇಲನನ್ನು ಗರಗಸದಿಂದ ತೆಗೆದು ಪ್ರೆಸ್ಸಿಗೆ ಹಾಕಿದರು, ಪ್ರವೀಣನ ಕೈಕೆಳಗೆ. ಸೊಹೇಲನದು ಚುರುಕು ಕೈ, ಎರಡು ದಿನದಲ್ಲಿ ಕಲಿಯುತ್ತಾನೆ ಎಂದು ಅವರ ನಂಬಿಕೆ.

ಮಾತಿಲ್ಲದವನು ಮಾತಿಲ್ಲದವನಿಗೆ ಕಲಿಸಬೇಕು. ಪ್ರವೀಣ ಮಷಿನ್ನಿನ ಜೊತೆ ಮಾತಾಡತೊಡಗಿದ. “ಕೆಂಪು ದೀಪ ಆರೋತನ ಪೈಪಿಗಿ ಕೈ ಹಚ್ಚಬಾರದು,” ಎಂದು ಪ್ರೆಸ್ಸಿಗೆ ಹೇಳುತ್ತಿದ್ದ. “ಎಡಗಡೆ ನಿಂತ್ರ ಹಬಿ ಮಾರಿಗಿ ಬಡಿತದ,” ಎಂದು ಗೋಡೆಗೆ. ಸೊಹೇಲ್ ಕೇಳಿಸಿಕೊಂಡರೂ ಅವನ ಕೈ ಗರಗಸದ ಕೈ. ಗರಗಸದಲ್ಲಿ ಪೈಪನ್ನು ಒತ್ತಿ ಮುಂದೆ ತಳ್ಳಬೇಕು. ಪ್ರೆಸ್ಸಿನಲ್ಲಿ ಮೆತ್ತಗಾದದ್ದನ್ನು ಒತ್ತಿದರೆ ಬಾಯಿ ಸೊಟ್ಟಗಾಗುತ್ತದೆ. ಸೊಟ್ಟ ಬಾಯಿಯ ಪೈಪುಗಳ ರಾಶಿ ಬೆಳೆಯಿತು. ಚಂದ್ರಾಮಪ್ಪನವರು ಎಲ್ಲರೆದುರು ಬೈದರು. ಸೊಹೇಲ್ ತಲೆ ತಗ್ಗಿಸಿ ನಿಂತದ್ದನ್ನು ಪ್ರವೀಣ ನೋಡಿದ. ಅವತ್ತೇ ಮಧ್ಯಾಹ್ನ ಬಿಸಿ ಪೈಪು ಸೊಹೇಲನ ಮುಂಗೈಗೆ ತಾಗಿತು. ದೊಡ್ಡ ಗಾಯವಲ್ಲ. ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತು.

ಸ್ವಲ್ಪ ಹೊತ್ತಿಗೆ ಪ್ರವೀಣ ನನ್ನ ಕಿಟಕಿಗೆ ಬಂದು ಉದ್ದ ತೋಳಿನ ಕೈಗವಸು ಕೇಳಿದ. ಯಾರಿಗೆ ಎಂದು ಹೇಳಲಿಲ್ಲ. ಚಂದ್ರಾಮಪ್ಪನವರು ಅಲ್ಲೇ ನಿಂತು ಸಹಿ ಮಾಡುತ್ತಿದ್ದರು.

“ಸರ್, ಸೊಹೇಲಗ ತಿರುಗಿ ಗರಗಸಕ್ಕ ಹಾಕ್ರಿ,” ಅಂದ ಪ್ರವೀಣ.

“ಯಾಕಪಾ? ಮಷಿನ್ ಅಂದ್ರ ಮಷಿನ್. ಅಲ್ಲೂ ಅವೇ ಕೈ, ಇಲ್ಲೂ ಅವೇ ಕೈ.”

“ಹಂಗಲ್ರಿ ಸರ್. ಹುನ್ನರ ಖಾಲಿ ಕೈಯಾಗ ಇರಂಗಿಲ್ಲ. ಹಿಡದ ಸಾಮಾನ ಕೂಡ ಇರತದ. ಸಾಮಾನ ಬದಲ್ ಆತಂದ್ರ ಮನಶ್ಯಾ ಹೊಸಬ ಆಗತಾನ. ಭರ್ಚಿ ಹಿಡದು ಇಡೀ ದಂಡು ನಿಲ್ಲಸಿದಾಕಿ ಸುತ್ತಿಗಿ ಹಿಡದ್ರ ಸಣ್ಣ ಕೂಸಿನಂಗ ಆಗತಾಳ.”

“ಯಾರಾಕಿ?”

“ದೋಟಿ ಅಂತ ಒಬ್ಬಾಕಿ ಇದ್ದಳ್ರಿ.”

“ಯಾವ ಡಿಪಾರ್ಟ್‌ಮೆಂಟ್?”

ನಾನು ಮುಲಾಮಿನ ಡಬ್ಬಿಗಳನ್ನು ಎಣಿಸುವವನಂತೆ ಬಗ್ಗಿದೆ. ಬಗ್ಗಿದಾಗಲೇ ಕಂಡದ್ದು, ಪ್ರವೀಣನ ಬೆನ್ನ ಹಿಂದೆ ಸೊಹೇಲ್ ಬಂದು ನಿಂತಿದ್ದ. ಸುಟ್ಟ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದ. ಪ್ರವೀಣ ಅವನನ್ನು ನೋಡಿರಲಿಲ್ಲ.

“ಸತ್ತಳ್ರಿ ಆಕಿ,” ಅಂದ ಪ್ರವೀಣ. “ನಾನೇ ಸಾಮಾನ ಬದಲ್ ಮಾಡಿ ಕೊಟ್ಟಿದ್ದೆ. ಛಲೋ ಆಗಲಿ ಅಂತನೇ ಕೊಟ್ಟಿದ್ದೆ. ಒಂದು ಮಾತು ಅಂವಗ ಕೇಳಿ ಕೊಡಬೇಕಿತ್ತು, ಕೇಳಲಿಲ್ಲ. ಮತ್ತೊಬ್ಬರಿಗಿ ಹಂಗ ಆಗೋದು ಬ್ಯಾಡ್ರಿ.”

ಚಂದ್ರಾಮಪ್ಪನವರು ಕನ್ನಡಕ ತೆಗೆದರು. ದನಿ ಇಳಿಯಿತು. “ಯಾವ ಕಾರ್ಖಾನ್ಯಾಗ ಆಗಿತ್ತಪಾ ಇದು?”

ಇದಕ್ಕೆ ಉತ್ತರ ಗೊತ್ತಿದ್ದ ಮೂವರೂ ಅಲ್ಲೇ ಇದ್ದೆವು. ಚಂದ್ರಾಮಪ್ಪನವರು ಇನ್ನೊಮ್ಮೆ ಕೇಳುವ ಧೈರ್ಯ ಮಾಡದೆ, ನಾಳೆಯಿಂದ ಸೊಹೇಲ್ ಗರಗಸಕ್ಕೆ ಎಂದು ಹೇಳಿ ನಡೆದರು. ಪ್ರವೀಣ ತಿರುಗಿದ. ಸೊಹೇಲನನ್ನು ಕಂಡ. ಕೈಗವಸನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಹೊರಟುಹೋದ. ಸೊಹೇಲ್ ನನ್ನಿಂದ ಮುಲಾಮು ಇಸಿದುಕೊಂಡ.

(ಇಲ್ಲಿ ಕತೆ ಮುಗಿಸಿ ಎಂದು ಕೆಲವರು ಹೇಳುತ್ತೀರಿ. ಮುಗಿಸಬಹುದಿತ್ತು. ಆದರೆ ನಾನು ಆ ಕೋಣೆಗೆ ವಾಪಸು ಹೋಗಬೇಕಿತ್ತಲ್ಲ.)

೯

ಸಂಜೆ. ಸೊಹೇಲ್ ಒಲೆಯ ಹತ್ತಿರ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಪ್ರವೀಣ ಬಂದು ಚಪ್ಪಲಿ ಬಿಟ್ಟ. ನಾನು ಟಪಾಲಿನ ಕೆಲಸಕ್ಕೆ ತಯಾರಾಗಿ ಕೂತೆ.

“ಹೊಸಬ ಆಗಂಗಿಲ್ಲ,” ಅಂದ ಸೊಹೇಲ್, ತಲೆ ಎತ್ತದೆ.

ನನ್ನ ಹೆಸರು ಹಿಡಿದಿರಲಿಲ್ಲ. ಅಂವಗ ಹೇಳು ಅಂದಿರಲಿಲ್ಲ. ಪ್ರವೀಣ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ.

“ಏನು?” ಅಂದ ಪ್ರವೀಣ.

“ಸಾಮಾನ ಬದಲ್ ಆದ್ರ ಪೂರಾ ಹೊಸಬ ಆಗಂಗಿಲ್ಲ. ಏಟು ತಪ್ಪಿಸ್ಕೊಳ್ಳೋ ಹುನ್ನರ ಉಳಿತದ. ಢಾಲಿನ ಹುನ್ನರ ಉಳಿತದ. ಅವು ಸಾಮಾನಿನವಲ್ಲ, ಮನಶ್ಯಾನವು. ಇಷ್ಟು ದಿನ ಆಡಿ ಇದೂ ಗೊತ್ತಿಲ್ಲ ನಿಂಗ. ಗೊತ್ತಿಲ್ಲಾರದೇ ಸೂಪರ್‌ವೈಸರಗ ಪಾಠ ಹೇಳಾಕತ್ತಿದ್ದಿ.”

“ಉಳಿತಿದ್ರ ಆಕಿ ಯಾಕ ಸತ್ತಳು?”

“ಢಾಲು ಎಲ್ಲಿತ್ತು ಆಕಿ ಕೈಯಾಗ?”

“ಇತ್ತಲಾ.”

“ಎಲ್ಲಿತ್ತು? ಆ ಸುತ್ತಿಗಿ ಎರಡೂ ಕೈಲೆ ಹಿಡಿಯೋದು. ನೀ ಸುತ್ತಿಗಿ ಕೊಟ್ಟಕೂಡ್ಲೆ ಆಕಿ ಢಾಲು ಕೆಳಗ ಇಟ್ಟಳು. ಇಡು ಅಂದವ ನೀ.”

ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ. ಇನ್ನೂ ಕೆಟ್ಟದಾಯಿತು. ಪ್ರವೀಣ ಬಾಗಿಲ ಹತ್ತಿರವೇ ಕೂತ. ಅವನಿಗೆ ಢಾಲಿನ ಸಂಗತಿ ನಿಜವಾಗಿಯೂ ತಿಳಿದಿರಲಿಲ್ಲ. ಆದರೂ ವಾದ ಬಿಡಲಿಲ್ಲ. ತಗಡಿನವರ ಎದುರು ಈಟಿ ಇದ್ದಿದ್ದರೂ ಏನು ಆಗುತ್ತಿತ್ತು ಎಂದು ಅವನು, ತಗಡಿಗೂ ಕೀಲಿನ ಹತ್ತಿರ ಸಂದು ಇರುತ್ತದೆ, ಪಳಗಿದವಳಿಗೆ ಅದು ಕಾಣುತ್ತದೆ ಎಂದು ಇವನು. ದನಿ ಏರಿತು, ಇಳಿಯಿತು. ಅನ್ನ ತಳ ಹತ್ತಿತು. ನಾನೇ ಎದ್ದು ಒಲೆ ಆರಿಸಿದೆ. ಇಷ್ಟು ದಿನ ಇವರಿಬ್ಬರನ್ನು ಮಾತಾಡಿಸಲು ಹೆಣಗಿದವನು, ಈಗ ಸ್ವಲ್ಪ ಸುಮ್ಮನಿರಿ ಎಂದು ಹೇಳುವ ಹಂತಕ್ಕೆ ಬಂದಿದ್ದೆ.

ಆಗ ಪ್ರವೀಣ ಕೇಳಿದ, ಜಗಳದ ದನಿಯಲ್ಲಲ್ಲ.

“ಸೊಹೇಲ್, ಒಂದು ಮಾತು. ಆಕಿಗಿ ದೋಟಿ ಅಂತ ಯಾಕ ಹೆಸರಿಟ್ಟಿದ್ದಿ ನೀ? ಭರ್ಚಿ ಉದ್ದ ಇರತದ ಅಂತ ಇಟ್ಟಿ ಅನ್ಕೊಂಡಿದ್ದೆ ನಾ.”

ಸೊಹೇಲನ ಚಾಕು ನಿಂತಿತು. ಅವನು ಪ್ರವೀಣನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಹೇಳಿದ್ದೀಯಾ ಎಂದು ಕೇಳುವ ನೋಟವೋ, ಹೇಳಲಾ ಎಂದು ಕೇಳುವ ನೋಟವೋ ನನಗೆ ಗೊತ್ತಾಗಲಿಲ್ಲ.

“ಹಾಲು ತರತೀನಿ,” ಎಂದು ನಾನು ಎದ್ದೆ. ಹಾಲು ಇತ್ತು. ಮೂವರಿಗೂ ಕಾಣುವಂತೆ ಕಪಾಟಿನ ಮೇಲೇ ಇತ್ತು.

(೧೦)

ಇಲ್ಲಿಂದ ಮುಂದಿನದನ್ನು ನಾನು ಬರೆಯುವುದಿಲ್ಲ.

ಲೇಖಕ ನೀನೇ ಅಲ್ಲವೇ, ಒಳಗೆ ಹೋಗಿ ನೋಡಲು ಯಾರ ಅಪ್ಪಣೆ ಬೇಕು ಎಂದು ಕೇಳಬಹುದು ನೀವು. ಕೇಳಿ. ಸೊಹೇಲ್ ಹೇಳಿದ ಎಂದು ಬರೆದರೆ ನಿಮಗೆ ಹಗುರವಾಗುತ್ತದೆ. ಹೇಳಲಿಲ್ಲ ಎಂದು ಬರೆದರೆ ಗಂಭೀರ ಕತೆ ಎನ್ನುತ್ತೀರಿ. ಪ್ರವೀಣ ಅತ್ತ ಎಂದು ಬರೆದರೆ ಸೊಹೇಲನಿಗೆ ಆ ತ್ರಾಸು ಹೊರಿಸಿದಂತೆ. ಅಳಲಿಲ್ಲ ಎಂದರೆ ಪ್ರವೀಣನಿಗೆ ಅನ್ಯಾಯ. ನಾನು ಸ್ಟೋರಿನವನು, ಕೇಳಿದವರಿಗೆ ಕೇಳಿದ್ದು ಕೊಟ್ಟು ಅಭ್ಯಾಸ. ಇದು ನನ್ನ ಹತ್ತಿರ ಇಲ್ಲ.

ಈ ಕರಡನ್ನು ಪ್ರವೀಣನಿಗೆ ತೋರಿಸಬಹುದೋ ಇಲ್ಲವೋ ಎಂಬುದೂ ಆ ಕೋಣೆಯಲ್ಲೇ ತೀರ್ಮಾನವಾಗಬೇಕು. ಇದು ಅಚ್ಚಾಗಿ ನಿಮ್ಮ ಕೈಯಲ್ಲಿದೆ ಎಂದ ಮಾತ್ರಕ್ಕೆ ಹಾಗೆ ಆಯಿತು, ಹೀಗೆ ಆಯಿತು ಎಂದು ಲೆಕ್ಕ ಹಾಕಬೇಡಿ. ಪ್ರವೀಣ ನನ್ನ ಕತೆಗಳನ್ನು ನಾನೇ ತಂದುಕೊಡದೆ ಓದುವವನಲ್ಲ.

ಅವತ್ತು ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಬೇಡದ ಹಾಲು ಕೊಂಡೆ. ರಾಯಚೂರಿನ ಕಡೆ ಹೋಗುವ ಗೂಡ್ಸ್ ಗಾಡಿ ಪೂರ್ತಿ ದಾಟುವವರೆಗೆ ನಿಂತೆ, ನಾನು ದಾಟಬೇಕಾದ ಹಳಿ ಅದಲ್ಲದಿದ್ದರೂ. ವಾಪಸು ಬಂದಾಗ ಕೋಣೆಯ ಬಾಗಿಲ ಒಂದು ಕದ ಮುಂದೆ ಮಾಡಿತ್ತು. ದೀಪ ಹಚ್ಚಿದ್ದರು. ಒಳಗೆ ಯಾರೋ ಒಬ್ಬರು, ಒಬ್ಬರೇ, ಸಣ್ಣ ದನಿಯಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದರು. ನಾನು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತೆ. ಯಾರ ದನಿ ಎಂದು ತಿಳಿಯುವಷ್ಟು ಹತ್ತಿರ ನಾನು ಹೋಗಲಿಲ್ಲ.